ಗಾಲಿಯ ಮೇಲಿನ ಬಚ್ಚಲು

ವಿಲಾಯತಿಯ ಸಮುದ್ರದಂಡೆಗೆ ನಾನು ಮೊದಲ ಸಲ ಹೋದಾಗ ನೀರಿನೊಳಗೆ ಮನೆಗಳು ನಿಂತಿದ್ದವು. ಕಟ್ಟಿಗೆಯ ಸಣ್ಣ ಸಣ್ಣ ಮನೆಗಳು. ಒಂದೊಂದಕ್ಕೂ ನಾಲ್ಕು ಗಾಲಿ, ಒಂದು ಬಾಗಿಲು. ನಾನು ನೋಡುತ್ತಿದ್ದಂತೆ ಒಂದು ಕುದುರೆ ಇನ್ನೊಂದು ಮನೆಯನ್ನು ಅಲೆಗಳೊಳಗೆ ಎಳೆದು ತಂದು ನಿಲ್ಲಿಸಿತು. ಬಾಗಿಲು ತೆರೆದು, ಪಟ್ಟಾಪಟ್ಟಿ ಅಂಗಿ ತೊಟ್ಟ ಬಿಳಿಮೀಸೆಯ ಸಾಹೇಬನೊಬ್ಬ ಮೆಟ್ಟಿಲಿಳಿದು, ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಡಗಡ ನಡುಗತೊಡಗಿದ. ಇವನು ಯಾವ ದೇವರಿಗೆ ಹರಕೆ ಹೊತ್ತಿದ್ದಾನೋ ಎಂದು ನಾನು ಸುತ್ತ ಗುಡಿ ಹುಡುಕಿದೆ. ಸವದತ್ತಿಯ ಗುಡ್ಡಕ್ಕೆ ಹೋದವರು ಜಳಕ ಮಾಡಿ ದೇವಿಯ ಮುಂದೆ ನಿಲ್ಲುವುದನ್ನು ಕಂಡವನು ನಾನು. ಇಲ್ಲಿ ಜನ ಜಳಕ ಮಾಡಿ, ಒರೆಸಿಕೊಂಡು, ಬೆಂಚಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದರು.

ನಮ್ಮದು ಬೈಲಹೊಂಗಲದ ಹತ್ತಿ ವ್ಯಾಪಾರದ ಮನೆ. ವಿಲಾಯತಿಯ ಹಳೆಯ ರಾಣಿ ತೀರಿಕೊಂಡು ಕೆಲವೇ ವರ್ಷಗಳಾಗಿದ್ದವು. ನಮ್ಮ ಕಡೆಯ ಹತ್ತಿಯ ಎಳೆ ಗುರುತಿಸಬಲ್ಲ ಮನುಷ್ಯ ಬೇಕೆಂದು ಅಲ್ಲಿನ ಬಂದರು ಪಟ್ಟಣದ ದಲಾಲಿ ಕಚೇರಿಯೊಂದು ನನ್ನನ್ನು ಕರೆಸಿಕೊಂಡಿತು. ಅಪ್ಪ ತೀರಿಕೊಂಡಿದ್ದ, ಒಪ್ಪಿಗೆ ಕೊಡುವವಳು ಅವ್ವ. ಅವಳು ಕೊಟ್ಟಳು, ಆದರೆ ಬೆರಳು ತೋರಿಸಿ ಕೊಟ್ಟಳು.

"ಎಲ್ಲಿ ಬೇಕಾದಲ್ಲಿ ಹೋಗು, ಚನ್ನಪ್ಪ. ಜಳಕಾ ಮಾಡಿ ಲಿಂಗಪೂಜಿ ಆಗದ ಬಾಯಾಗ ತುತ್ತ ಇಡಬ್ಯಾಡ. ಲಿಂಗ ಮೈಮ್ಯಾಲಿಂದ ಇಳೀತಂದ್ರ ನೀ ನನ್ನ ಮಗಾ ಅಲ್ಲ, ತಿಳೀತೇನ?"

ಲಿಂಗವಂತರ ಮನೆಯಲ್ಲಿ ಇದೇನು ಹೊಸ ಮಾತಲ್ಲ. ಆದರೆ ನಮ್ಮವ್ವ ಬಾಯಿಮಾತಿಗೆ ಹೇಳುವವಳಲ್ಲ. ಸಣ್ಣದೊಂದು ಜಗಳಕ್ಕೆ ಕಿತ್ತೂರಿನ ಚಿಕ್ಕಪ್ಪನ ಸಂಗಡ ಮಾತು ಬಿಟ್ಟವಳು, ಅವನು ಬಂದರೆ ಇವತ್ತಿಗೂ ತಂಬಿಗೆ ನೀರಿಟ್ಟು ಒಳಗೆ ಹೋಗುತ್ತಾಳೆ. ಹಡಗಿನಲ್ಲಿ ನನಗೆ ವಾಂತಿಗಿಂತ ಅವಳ ಮಾತೇ ಹೆಚ್ಚು ಕಾಡಿತು.

ಬಂದರು ಪಟ್ಟಣದ ಹೊಗೆ ಎದೆಗೆ ಒಗ್ಗಲಿಲ್ಲ. ಅದಕ್ಕೇ ಸಮುದ್ರದಂಡೆಯ ಈ ಸಣ್ಣ ಊರಿನಲ್ಲಿ ಕೋಣೆ ಹಿಡಿದು, ದಿನಾ ರೈಲಿನಲ್ಲಿ ಹೋಗಿ ಬರತೊಡಗಿದೆ. ಮನೆಯೊಡತಿ ಮಿಸೆಸ್ ಹಾಬ್ಸ್ ಎಂಬ ವಿಧವೆ. ಇಲ್ಲಿಯ ಜನರ ಇಂಗ್ಲಿಷು ನಾನು ಸಾಲಿಯಲ್ಲಿ ಕಲಿತ ಇಂಗ್ಲಿಷಲ್ಲ. ಅದನ್ನು ಶುದ್ಧ ಕನ್ನಡದಲ್ಲಿ ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಅವರನ್ನು ನಮ್ಮೂರವರಂತೆಯೇ ಮಾತಾಡಿಸುತ್ತೇನೆ.

ಆ ಮನೆಯಲ್ಲಿ ಜಳಕ ಶನಿವಾರ ಮಾತ್ರ. ಉಳಿದ ದಿನ ಒಂದು ಹೂಜಿ ನೀರು, ಒಂದು ಬೋಗುಣಿ, ಮುಖಕ್ಕೆ ಕುತ್ತಿಗೆಗೆ ಅಷ್ಟೇ. ನಾನು ಆ ಹೂಜಿಯನ್ನೇ ತಲೆಗೆ ಸುರಿದುಕೊಂಡೆ. ನೀರು ಹಾಸು ತೋಯಿಸಿ, ಹಲಿಗೆ ಸಂದಿನಿಂದ ಇಳಿದು, ಕೆಳಗೆ ತಿಂಡಿ ತಿನ್ನುತ್ತಿದ್ದ ಇನ್ನೊಬ್ಬ ಬಾಡಿಗೆದಾರನ ಬೋಳುತಲೆಯ ಮೇಲೆ ಬಿತ್ತು.

ಮಿಸೆಸ್ ಹಾಬ್ಸ್ ಮೇಲೆ ಬಂದು ಕೇಳಿದಳು, "ದಿನಾ ಮೈ ತೊಳ್ಕೋಳಾಕ ನಿಮಗೇನರ ಜಡ್ಡ ಐತೇನ್ರಿ?"

ಜಡ್ಡಲ್ಲ, ದೇವರು ಎಂದೆ. ದೇವರು ಭಾನುವಾರ ಎಂದಳು. ಇನ್ನೊಂದು ಸಲ ನೀರಿಳಿದರೆ ಗಂಟು ಕಟ್ಟಬೇಕೆಂದಳು. ನನಗೂ ಸಿಟ್ಟು ಬಂತು, ಆದರೆ ಉಪವಾಸ ಕುಳಿತವನ ಸಿಟ್ಟು ಎಷ್ಟು ಹೊತ್ತು ನಿಂತೀತು.

ಆಗ ನೆನಪಾದದ್ದು ಆ ಗಾಲಿಮನೆ. ಅದಕ್ಕೆ ಇವರು ಬೇದಿಂಗ್ ಮಶೀನ್ ಅನ್ನುತ್ತಾರೆ. ನಮ್ಮ ಕಡೆ ಮಶೀನೆಂದರೆ ಹತ್ತಿ ಹಿಂಜುವಂಥದು. ಇದರಲ್ಲಿ ಯಂತ್ರವೇನೂ ಇಲ್ಲ, ನಮ್ಮ ಕಮಾನು ಹೊದಿಸಿದ ಕೊಲ್ಲಾರಿ ಬಂಡಿಗೆ ಬಾಗಿಲು ಕೂಡಿಸಿದರೆ ಇದೇ ಆಗುತ್ತದೆ. ಒಳಗೆ ಒಂದು ಬೆಂಚು, ಎರಡು ಗೂಟ, ಮೇಲೆ ಅಂಗೈಯಗಲದ ಕಿಟಕಿ. ಒಳಗೆ ಹೋಗಿ ಬಟ್ಟೆ ಬಿಚ್ಚುವಷ್ಟರಲ್ಲಿ ಕುದುರೆ ನಿಮ್ಮನ್ನು ನೀರಿಗೆ ಮುಟ್ಟಿಸುತ್ತದೆ. ಗಂಡಸರ ಸಾಲು ಒಂದು ಕಡೆ, ಹೆಂಗಸರದು ದೂರ ಇನ್ನೊಂದು ಕಡೆ. ನಾವು ಜಳಕಕ್ಕೆ ಬಟ್ಟೆ ಕಳೆಯುತ್ತೇವೆ, ಇವರು ಜಳಕಕ್ಕೆಂದೇ ಉಣ್ಣೆಯ ಬಟ್ಟೆ ತೊಡುತ್ತಾರೆ. ಮನೆಯಲ್ಲಿ ಮೈಗೆ ನೀರು ಬಿದ್ದರೆ ನೆಗಡಿ ಎಂದು ಹೆದರುವ ಇದೇ ಜನ, ಹಿಮದಂಥ ಸಮುದ್ರದಲ್ಲಿ ಮುಳುಗಿದರೆ ಆರೋಗ್ಯ ಅನ್ನುತ್ತಾರೆ. ಇದರ ತಲೆಬುಡ ನನಗೆ ಇವತ್ತಿಗೂ ಹತ್ತಿಲ್ಲ.

ಕುದುರೆ ಹೊಡೆಯುವವಳು ಮಾರ್ಥಾ, ಗಂಡನ ಬೂಟು ತೊಟ್ಟ ಮುದುಕಿ. ನಾನು ದಿನಾ ಎಲ್ಲರಿಗಿಂತ ಮುಂಚೆ ಹೋಗುತ್ತಿದ್ದೆ. ಒಂದು ಮುಳುಗು ಹಾಕಿ, ಒಳಗೆ ಬಂದು ಬಾಗಿಲು ಹಾಕಿಕೊಂಡು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂಡುತ್ತಿದ್ದೆ. ಅಭಿಷೇಕಕ್ಕೆ ಸಿಹಿನೀರಿನ ಸೀಸೆ ಸಂಗಡ ಇರುತ್ತಿತ್ತು. ಕಾಲ ಕೆಳಗೆ ಅಲೆ ಬಡಿಯುತ್ತಿತ್ತು, ಇಡೀ ಪೂಜಾಮನೆ ಅಲುಗುತ್ತಿತ್ತು.

"ಒಳಗ ಏನ್ ಮಾಡಾಕ ಹತ್ತೀರಿ?" ಎಂದು ಮಾರ್ಥಾ ಹಲಿಗೆ ಬಡಿಯುತ್ತಿದ್ದಳು. "ಕುದುರಿ ನೆನ್ಯಾಕ ಹತ್ತೈತ್ರಿ."

ಹೀಗೆ ನನ್ನ ವ್ರತ ಉಳಿಯಿತು, ಊಟವೂ ದಕ್ಕಿತು. ಊಟವೆಂದರೆ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಸು, ಉಪ್ಪಿಲ್ಲದ ಓಟ್ಸ್ ಗಂಜಿ. ರೊಟ್ಟಿ ಬಡಿಯುವ ಸದ್ದು ಕನಸಿನಲ್ಲಿ ಕೇಳುತ್ತಿತ್ತು. ಆದರೂ ಚಳಿಗಾಲದಲ್ಲಿ ಗಾಲಿಮನೆಗಳನ್ನು ಒಳಗೆ ಎತ್ತಿಟ್ಟಾಗ ಮಿಸೆಸ್ ಹಾಬ್ಸ್ ತಾನಾಗಿಯೇ ಅಡಿಗೆಮನೆಯಲ್ಲಿ ತಗಡಿನ ತೊಟ್ಟಿಯೊಂದನ್ನು ಇಟ್ಟುಕೊಟ್ಟಳು. ಅವತ್ತು ರಾಜ್ಯ ಗೆದ್ದಷ್ಟು ಹಿಗ್ಗಿದೆ.

ಎರಡನೆಯ ಬೇಸಗೆಯಲ್ಲಿ ಆದದ್ದು ಹೇಳಬೇಕು. ಕೊರಳಲ್ಲಿ ಲಿಂಗ ತೂಗುವ ಶಿವದಾರ ದಿನಾ ಉಪ್ಪುನೀರು ಕುಡಿದು ಕೊಳೆತಿತ್ತು, ನನಗೆ ತಿಳಿದಿರಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಅದು ಹರಿಯಿತು. ಕರಡಿಗೆಯನ್ನು, ಅಂದರೆ ಲಿಂಗವಿಡುವ ಬೆಳ್ಳಿಯ ಗೂಡನ್ನು, ಗಾಳಿಯಲ್ಲೇ ಹಿಡಿದೆ. ಹಿಡಿದುಕೊಂಡೇ ಮುಳುಗಿದರೆ ಸಮುದ್ರದ ಪಾಲಾದೀತು, ಮುಳುಗದಿದ್ದರೆ ಪೂಜೆಯಿಲ್ಲ. ವಸ್ತ್ರದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿ, ಒಂದೇ ಮುಳುಗು ಎಂದುಕೊಂಡು ಇಳಿದೆ.

ಅವತ್ತು ನೀರು ಬೆಚ್ಚಗಿತ್ತು. ಅಂಥ ನೀರನ್ನು ಅಲ್ಲಿ ನಾನು ಕಂಡೇ ಇರಲಿಲ್ಲ. ಮಲಪ್ರಭೆಯಲ್ಲಿ ಕಲಿತ ಈಜು ಕೈಕಾಲಿಗೆ ನೆನಪಾಯಿತು. ಅಂಗಾತ ಮಲಗಿ ತೇಲಿದೆ. ಸುಖವಾಯಿತು. ಅವ್ವನೂ ಇಲ್ಲ, ಕಚೇರಿಯೂ ಇಲ್ಲ, ಯಾವ ಊರೆಂಬುದೂ ಇಲ್ಲ. ತಿರುಗಿ ನೋಡುತ್ತೇನೆ, ಗಾಲಿಮನೆ ಇಲ್ಲ. ಭರತದ ನೀರು ಏರಿತೆಂದು ಎಲ್ಲವನ್ನೂ ದಂಡೆಗೆ ಎಳೆದಿದ್ದರು.

ಓಡಿದೆ. ಎಲ್ಲ ಮನೆಗೂ ಒಂದೇ ಬಣ್ಣ, ಒಂದೇ ಬಾಗಿಲು. ಒಂದನ್ನು ತೆರೆದರೆ ಖಾಲಿ. ಇನ್ನೊಂದರಲ್ಲಿ ದಡೂತಿ ಸಾಹೇಬನೊಬ್ಬ ಚಡ್ಡಿ ಏರಿಸುತ್ತಿದ್ದವನು ಬೈದ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಮಗಾ ಅಲ್ಲ, ಮಗಾ ಅಲ್ಲ ಎಂಬುದೊಂದೇ ಕಿವಿಯಲ್ಲಿ.

"ಕೂಗಿ ಕೂಗಿ ಸಾಕಾತ, ನಿಮಗ ಕೇಳಸಲಿಲ್ಲ," ಎಂದು ಮಾರ್ಥಾ ಹಿಂದಿನಿಂದ ಬಂದಳು. ಕೊರಳಿಗೆ ಕೈ ಹಾಕಿ, ರವಿಕೆಯ ಒಳಗಿನಿಂದ ನನ್ನ ಕರಡಿಗೆ ತೆಗೆದಳು. "ನಿಮ್ಮ ದಾರ ಕೊಳತಿತ್ರಿ. ಡಾಂಬರ ಹಚ್ಚಿದ ಮೀನಿನ ಬಲೀ ಹಗ್ಗ ಹಾಕೇನಿ. ಇದು ಹರಿಯೂದಿಲ್ಲ."

ನೀನು ಯಾಕೆ ಕೊರಳಿಗೆ ಹಾಕಿಕೊಂಡೆ ಎಂದು ಕೇಳಿದೆ.

"ನೀವು ಕೊಳ್ಳಾಗ ಹಾಕ್ಕೋತೀರಿ, ನಾನೂ ಹಾಕ್ಕೊಂಡ್ನಿ. ಎಳಿಯೂವಾಗ ಗೂಟದಿಂದ ಬೀಳಾಕ ಹತ್ತಿತ್ತು, ಕೈಯಾಗ ಕುದುರಿ ಇತ್ತಲ್ರಿ."

ಒಣಮರಳಿನ ಮೇಲೆ ನಿಂತ ಗಾಲಿಮನೆಯೊಳಗೆ ಕುಳಿತು ಅದನ್ನು ಅಂಗೈಯಲ್ಲಿಟ್ಟುಕೊಂಡೆ. ಬೇರೆಯವರ ಕೊರಳಿಗೆ ಹೋಗಿ ಬಂದ ಲಿಂಗ ನನ್ನದು ಹೌದೋ ಅಲ್ಲವೋ? ನೆಲಕ್ಕಿಡದೆ ಕಾಯ್ದವಳಿಗೆ ಮೈಲಿಗೆ ಅನ್ನಲೇ? ಯಾರನ್ನು ಕೇಳಬೇಕು, ಅಲ್ಲಿ ಯಾವ ಸ್ವಾಮಿಗಳಿದ್ದರು? ಪೂಜೆ ಮಾಡಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದೆ ಹೋಗಿ ಗಂಜಿ ಕುಡಿದೆ.

ಮುಂದೆ ರಜೆಯ ಮೇಲೆ ಊರಿಗೆ ಬಂದೆ. ಕೊರಳಿನ ಕರಿ ಹಗ್ಗವನ್ನು ಅವ್ವ ಹೊಸ್ತಿಲಲ್ಲೇ ಕಂಡಳು.

"ಇದೇನೋ, ಮೀನಿನ ವಾಸನಿ ಬರತೈತಿ?"

"ಮೀನಲ್ಲವ್ವ, ಡಾಂಬರ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ, "ಈಗ ನಾ ನಿನ್ನ ಮಗಾ ಹೌದೋ ಅಲ್ಲೋ?"

ಅವ್ವ ಒಳಗೆ ಹೋಗಿ ಹೊಸ ಶಿವದಾರ ತಂದಳು. ಕರಡಿಗೆಯ ಬಳೆಯಿಂದ ಹಗ್ಗದ ಗಂಟು ಬಿಚ್ಚಲು ನೋಡಿದಳು, ಉಗುರಿಗೆ ಬಗ್ಗಲಿಲ್ಲ. ಹಲ್ಲು ಹಚ್ಚಿದಳು. ಹಚ್ಚಿದವಳು ತಟ್ಟನೆ ಬಿಟ್ಟು ತುಟಿ ಸವರಿಕೊಂಡಳು.

"ಉಪ್ಪ ಐತಲ್ಲೋ," ಎಂದಳು. ಅವಳು ಸಮುದ್ರ ಕಂಡವಳಲ್ಲ. ಗಂಟಿನ ಮೇಲೆ ಬೆರಳಾಡಿಸಿದಳು. "ಬಿಚ್ಚವಲ್ಲದು. ಇದಕ್ಕ ನಾ ಕತ್ತರಿ ಹಚ್ಚಾಂಗಿಲ್ಲ. ಕಟ್ಟಿದಾಕಿ ಕೈಲೇನ ಬಿಚ್ಚಿಸ್ಕೊಂಡ ಬಾ. ಆಮ್ಯಾಲ ಎಲ್ಲೂ ಹೋಗಬ್ಯಾಡ, ಇಲ್ಲೇ ಇರು." ಕರಿ ಹಗ್ಗದ ಪಕ್ಕಕ್ಕೇ ಬಿಳಿ ದಾರವನ್ನೂ ಕಟ್ಟಿ, "ಕೈ ತೊಳ್ಕೊಂಡ ಉಣ್ಣಾಕ ಕುಂಡ್ರ," ಎಂದಳು.

ಅದು ನನ್ನ ಪ್ರಶ್ನೆಗೆ ಉತ್ತರವೋ ಅಲ್ಲವೋ, ಇವತ್ತಿಗೂ ಗೊತ್ತಾಗಿಲ್ಲ.

ಮರಳಿ ವಿಲಾಯತಿಗೆ ಬಂದಾಗ ದಂಡೆಯ ಮೇಲೆ ಗಾಲಿಮನೆಗಳಿರಲಿಲ್ಲ. ಬಟ್ಟೆ ಬದಲಿಸಲು ಈಗ ಡೇರೆ ಬಂದಿವೆ. ಗಂಡಸರು ಹೆಂಗಸರು ಒಂದೇ ಕಡೆ ಇಳಿಯುತ್ತಾರೆ. ಕುದುರೆ ಮಾರಿದ ಮಾರ್ಥಾ ನನ್ನ ಕೋಣೆಯ ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಪೂಜೆ ಮಾಡುತ್ತಿದ್ದ ಗಾಲಿಮನೆ ಅವರ ಹಿತ್ತಲಲ್ಲಿ ಕೋಳಿಗೂಡಾಗಿದೆ.

ಭಾನುವಾರ ಹೋದರೆ ಚಹಾ ಕೊಡುತ್ತಾಳೆ. "ಹಗ್ಗ ಹೆಂಗೈತ್ರಿ?" ಎಂದು ಕೇಳುತ್ತಾಳೆ. ಅವಳ ಬೆರಳು ಇನ್ನೂ ಗಟ್ಟಿಯಾಗಿವೆ, ಆ ಗಂಟು ಅವಳಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಬಿಚ್ಚಿಕೊಡು ಎಂದು ಕೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ, ತೆರೆದು, ಇನ್ನೊಂದಿಷ್ಟು ಚಹಾ ಕೇಳುತ್ತೇನೆ.