ಗೋಡೆ ನೆಟ್ಟಗಿದೆ, ಗಾಜು ಡೊಂಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಮೂರಂತಸ್ತಿನ ಕಟ್ಟಡದ ಒಂದು ಬಚ್ಚಲುಮನೆಯಲ್ಲಿ ಒಬ್ಬ ಹೆಂಗಸು ಬೆನ್ನನ್ನು ಗೋಡೆಗೆ ಅಂಟಿಸಿ ನಿಂತಿದ್ದಾರೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮಗುಚಿಟ್ಟ ಬಕೆಟ್ಟಿನ ಮೇಲೆ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ. ಕ್ಯಾಮೆರಾದ ಮೂತಿ ಚಾವಣಿಯ ಮೂಲೆಗೆ ತಿರುಗಿದೆ. ಬಾಗಿಲಾಚೆ ಮನೆಯ ಯಜಮಾನ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಾನೆ.

“ಇನ್ನೂ ಎಷ್ಟೊತ್ತಮ್ಮ? ನಮ್ಮ ಬಚ್ಚಲಲ್ಲಿ ಫೋಟೋ ತೆಗೆಯೋ ಅಂಥ ಚೆಂದ ಏನಿದೆ?”

“ಚೆಂದಕ್ಕೆ ತೆಗೀತಿಲ್ಲ ಸ್ವಾಮಿ. ಚಾವಣಿ ನಿಮ್ಮ ತಲೆ ಮೇಲೆ ಬೀಳದಿರಲಿ ಅಂತ ತೆಗೀತಿದೀನಿ. ಒಂದು ಮೂಲೆ ಬಾಕಿ ಇದೆ, ತಡೀರಿ.”

ಯಜಮಾನ ತನ್ನ ತಲೆಯ ಮೇಲಿನ ಚಾವಣಿಯತ್ತ ಕಣ್ಣೆತ್ತುತ್ತಾನೆ.

ಯಾವ ಮನೆಗೆ ಹೋದರೂ ‘ಮೂಲೆ ಬಾಕಿ ಇದೆ’ ಎನ್ನುವುದರಿಂದ ಕಚೇರಿಯಲ್ಲಿ ಇವರಿಗೆ ಮೂಲೆಯಕ್ಕ ಎಂದೇ ಹೆಸರು ಬಿದ್ದಿದೆ. ಹಳೆಯ ಕಟ್ಟಡಗಳನ್ನು ತಪಾಸಣೆ ಮಾಡುವ ಕಂಪನಿಯೊಂದರಲ್ಲಿ ಫೋಟೋ ತೆಗೆಯುವ ಕೆಲಸ. ಇವರು ತೆಗೆದ ಫೋಟೋಗಳನ್ನು ಇಂಜಿನಿಯರು ಮೇಜಿನ ಮುಂದೆ ಕೂತು ನೋಡುತ್ತಾರೆ. ಗೋಡೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದು ವರದಿ ಬರೆಯುತ್ತಾರೆ. ಆ ವರದಿಯ ಮೇಲೆ ಒಂದು ಸಂಸಾರ ಆ ಮನೆಯಲ್ಲಿ ಉಳಿಯುತ್ತದೆ, ಇಲ್ಲವೇ ಗಂಟುಮೂಟೆ ಕಟ್ಟುತ್ತದೆ. ವರದಿಗೆ ಇಂಜಿನಿಯರ ಸಹಿ ಇರುತ್ತದೆ, ಕಂಪನಿಯ ಮೊಹರು ಇರುತ್ತದೆ. ಬಕೆಟ್ಟಿನ ಮೇಲೆ ಕಾಲಿಟ್ಟು ಫೋಟೋ ತೆಗೆದವರ ಸುದ್ದಿ ಎಲ್ಲೂ ಇರುವುದಿಲ್ಲ.

ಇದಕ್ಕೂ ಮೊದಲು ಮೂಲೆಯಕ್ಕ ಒಂದು ಸ್ಟುಡಿಯೊದಲ್ಲಿದ್ದರು. ಊರಿನವರೆಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೊಗೆ ಬೀಗ ಬಿತ್ತು. “ಆಗ ಮುಖ ತೆಗೀತಿದ್ದೆ. ಗಲ್ಲ ಎತ್ತಿ, ಕಣ್ಣು ಬಿಡಿ ಅಂತ ಗೋಗರೀತಿದ್ದೆ. ಗೋಡೆ ಎಷ್ಟೋ ವಾಸಿ, ಕಣ್ಣು ಮುಚ್ಚಲ್ಲ” ಎನ್ನುತ್ತಾರೆ. ಈಗ ದಿನಕ್ಕೆ ಹತ್ತು ಹನ್ನೆರಡು ಕೋಣೆ. ಬಚ್ಚಲುಮನೆಗಳನ್ನು ಬೆಳಗಾಗುವ ಮೊದಲೇ ಮುಗಿಸಬೇಕು, ಆಮೇಲೆ ಒಳಗೆ ಬಿಡುವವರಿಲ್ಲ.

ಇಕ್ಕಟ್ಟಾದ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. ಬೆನ್ನು ಗೋಡೆಗೆ ತಗುಲಿದ ಮೇಲೂ ಇಡೀ ಕೋಣೆ ಒಂದೇ ಚಿತ್ರಕ್ಕೆ ಬರಬೇಕು. ಅದಕ್ಕೇ ಅಗಲವಾಗಿ ನೋಡುವ ಲೆನ್ಸು ಬೇಕು. ಒಂದು ಕೋಣೆ ಪೆಟ್ಟಿಗೆಯಷ್ಟು, ಇನ್ನೊಂದು ಪಡಸಾಲೆಯಷ್ಟು. ಕೋಣೆಗೊಂದು ಲೆನ್ಸು ಬದಲಾಯಿಸುತ್ತ ಕೂತರೆ ಸಿಮೆಂಟಿನ ದೂಳೆಲ್ಲ ಕ್ಯಾಮೆರಾದ ಹೊಟ್ಟೆಗೆ. ಆದ್ದರಿಂದ ಉಂಗುರ ತಿರುಗಿಸಿದರೆ ಹಿಗ್ಗುವ, ಕುಗ್ಗುವ ಜೂಮ್ ಲೆನ್ಸೇ ಆಗಬೇಕು. ಇಷ್ಟರ ತನಕ ಯಾರದ್ದೂ ತಕರಾರಿಲ್ಲ. ತಕರಾರು ಶುರುವಾಗುವುದು ಯಾವ ಲೆನ್ಸು ಎನ್ನುವಲ್ಲಿ.

ಕಚೇರಿಯಲ್ಲಿ ಸಾಮಾನು ಕೊಳ್ಳುವವರು ಖರೀದಿ ಗುಮಾಸ್ತರು. ಅವರು ಲೆನ್ಸಿನಿಂದ ಒಂದು ಫೋಟೋವನ್ನೂ ತೆಗೆಯದೆ, ಎಲ್ಲಕ್ಕಿಂತ ಅಗಲ ಎಂದು ಬರೆದಿದ್ದನ್ನು, ಆನ್‌ಲೈನಿನಲ್ಲಿ ಜನ ಹೆಚ್ಚು ನಕ್ಷತ್ರ ಕೊಟ್ಟದ್ದನ್ನು ತರಿಸಿದರು. ಮೂಲೆಯಕ್ಕ ಮೊದಲ ವಾರವೇ ದೂರು ಹೇಳಿದರು: ಇದರಲ್ಲಿ ನೆಟ್ಟಗಿನ ಗೋಡೆ ಪೀಪಾಯಿಯ ಹಾಗೆ ಉಬ್ಬಿ ಕಾಣುತ್ತದೆ, ಮೂಲೆಗಳು ಮಸುಕು.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ” ಎಂದರು ಗುಮಾಸ್ತರು.

“ನೆಲ ಡೊಂಕಿಲ್ಲ ಅಂತಲೇ ಅಲ್ವೇನ್ರೀ ನಾನು ಹೇಳ್ತಿರೋದು!”

“ಕಂಪ್ಯೂಟರಲ್ಲಿ ನೆಟ್ಟಗೆ ಮಾಡ್ಕೊಳ್ಳಿ ಅಕ್ಕ. ಈಗ ಎಲ್ಲ ಆಗುತ್ತೆ.”

“ಆಗುತ್ತೆ. ರಬ್ಬರು ಎಳೆದ ಹಾಗೆ ಮೂಲೆಗಳನ್ನ ಎಳೀಬೇಕು. ಮೊದಲೇ ಮಸುಕು, ಅದನ್ನ ಎಳೆದರೆ ಬಿರುಕೂ ಹೋಯ್ತು, ಗೋಡೆಯೂ ಹೋಯ್ತು. ಕಟ್ಟಡದಲ್ಲಿ ಬಿರುಕು ಹುಟ್ಟೋದು ಎಲ್ಲಿ ಹೇಳಿ? ಮೂಲೇಲಿ! ಗೋಡೆ ಮಧ್ಯದಲ್ಲಿ ಕ್ಯಾಲೆಂಡರ್ ಇರುತ್ತೆ, ಅದು ಎಲ್ಲಾ ಲೆನ್ಸಲ್ಲೂ ಚೆನ್ನಾಗೇ ಬರುತ್ತೆ.”

ಗುಮಾಸ್ತರು ತಲೆಯಾಡಿಸಿದರು. ಲೆನ್ಸು ಅದೇ ಉಳಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಬೆರಳು ಸವೆಯಿತೇ ಹೊರತು ಬೇರೇನೂ ಆಗಲಿಲ್ಲ.

ಆಮೇಲೆ ಬಂದದ್ದು ಟೈಲರಮ್ಮನ ಗೋಡೆ. ನೆಲಮಹಡಿಯ ಒಂದೇ ಕೋಣೆ. ಅದರಲ್ಲೇ ಹಾಸಿಗೆ, ಅದರಲ್ಲೇ ಒಲೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಒಂಟಿ ಜೀವ, ಗಿರಾಕಿಗಳೆಲ್ಲ ಆ ಬೀದಿಯವರೇ. ಬೀದಿ ಬಿಟ್ಟರೆ ಗಿರಾಕಿಯನ್ನೂ ಬಿಟ್ಟ ಹಾಗೆ. ಫೋಟೋ ನೋಡಿ ಇಂಜಿನಿಯರು ‘ಗೋಡೆ ಉಬ್ಬಿದೆ, ಕೋಣೆ ಖಾಲಿ ಮಾಡಿಸಬೇಕು’ ಎಂದು ಬರೆದರು. ನೋಟಿಸು ಕೈಗೆ ಬಂದ ದಿನವೇ ಟೈಲರಮ್ಮ ಮೂಲೆಯಕ್ಕನಿಗೆ ಫೋನು ಮಾಡಿದರು.

“ನನ್ನ ಗೋಡೆಗೆ ಹೊಟ್ಟೆ ಬಂದಿದೆಯಂತಲ್ಲೇ? ಮೂವತ್ತು ವರ್ಷದಿಂದ ಒರಗಿ ಕೂತಿದೀನಿ, ನಂಗೇ ಗೊತ್ತಾಗಲಿಲ್ಲ. ಇನ್ನು ತಿಂಗಳೊಳಗೆ ಹೋಗಬೇಕಂತೆ. ಎಲ್ಲಿಗೆ ಹೋಗಲಿ, ಅದನ್ನೂ ಫೋಟೋ ತೆಗೆದು ಹೇಳು!”

ಆ ಫೋಟೋ ತೆಗೆದು ಕಳಿಸಿದ್ದು ತಾವೇ ಎನ್ನುವುದು ಮೂಲೆಯಕ್ಕನ ಎದೆಗೆ ಮುಳ್ಳಿನ ಹಾಗೆ ನಾಟಿತು. ಮಾರನೆಯ ದಿನವೇ ಹೋಗಿ, ಚಾವಣಿಯ ಮೊಳೆಗೆ ದಾರ ಕಟ್ಟಿ, ದಾರದ ತುದಿಗೆ ಒಂದು ಬೀಗ ತೂಗುಬಿಟ್ಟರು. ಗೋಡೆ ದಾರದ ಜೊತೆ ಜೊತೆಗೇ ನೆಟ್ಟಗೆ ಇಳಿದಿತ್ತು. ಗೋಡೆ, ದಾರ ಎರಡೂ ಸೇರುವಂತೆ ಫೋಟೋ ತೆಗೆದು ಕಚೇರಿಗೆ ಓಡಿದರು. ತೆರೆದು ನೋಡಿದರೆ ಫೋಟೋದಲ್ಲಿ ದಾರವೂ ಬಿಲ್ಲಿನ ಹಾಗೆ ಬಾಗಿದೆ! ಅದೇ ಲೆನ್ಸು ತಾನೇ?

“ದಾರ ಸಡಿಲ ಕಟ್ಟಿದೀರಿ” ಎಂದರು ಗುಮಾಸ್ತರು.

“ಬೀಗ ನೇತಾಡ್ತಿದೆ ಕಣ್ರೀ! ಭಾರ ಕಟ್ಟಿದ ದಾರ ಯಾವ ಲೋಕದಲ್ಲಿ ಬಾಗುತ್ತೆ?”

ಇಂಜಿನಿಯರು ಹಣೆ ಒತ್ತಿಕೊಂಡರು. “ಬಾಗಲ್ಲ ಅಂತ ನಂಗೂ ಗೊತ್ತಕ್ಕ. ನಿಮ್ಮ ಮಾತು ನಂಬ್ತೀನಿ. ಆದರೆ ವರದಿಗೆ ಮಾತು ಅಂಟಿಸೋಕಾಗಲ್ಲ. ನಾನೇ ಬಂದು ನೋಡೋಣ ಅಂದರೆ ಸರದಿ ಎರಡು ತಿಂಗಳಾಚೆ ಇದೆ. ಯಾವ ಲೆನ್ಸು ಬೇಕೋ ಅಂಗಡಿಯಿಂದ ಪರೀಕ್ಷೆಗೆ ತನ್ನಿ. ಸರಿಯಾದ ಫೋಟೋ ಕೊಡಿ, ನೋಟಿಸು ವಾಪಸು ತಗೊಳ್ಳೋದು ನನ್ನ ಜವಾಬ್ದಾರಿ.”

ಅಂಗಡಿಯಲ್ಲಿ ಇನ್ನೊಂದು ಪಾಡು. ಅಂಗಡಿಯವನು ಎಲ್ಲಕ್ಕಿಂತ ದಪ್ಪನೆಯ ಲೆನ್ಸನ್ನು ಮುಂದಿಟ್ಟ. “ಇದು ತಗೊಳ್ಳಿ ಮೇಡಂ. ಕತ್ತಲಲ್ಲಿ ಓಡೋರ ಫೋಟೋನೂ ಬರುತ್ತೆ.”

“ನನ್ನ ಗೋಡೆ ಎಲ್ಲಿಗೂ ಓಡಲ್ಲಪ್ಪ. ಸ್ಟ್ಯಾಂಡ್ ಮೇಲಿಟ್ಟು ನಿಧಾನಕ್ಕೆ ತೆಗೀತೀನಿ. ಮೂಲೆ ಹೇಗಿದೆ ಹೇಳು.”

“ಮೂಲೆ ಯಾರು ನೋಡ್ತಾರೆ ಮೇಡಂ?”

ಮೂಲೆಯಕ್ಕ ಅಂಗಡಿಯ ಬಾಗಿಲಿಗೆ ಬಂದರು. ಎದುರಿನ ಇಟ್ಟಿಗೆ ಗೋಡೆಯ ಮುಂದೆ ಸ್ಟ್ಯಾಂಡು ಹೂಡಿ ಒಂದೊಂದೇ ಲೆನ್ಸು ಹಾಕಿ ನೋಡಿದರು. ಉಂಗುರವನ್ನು ಅಗಲದ ತುದಿಗೆ ಒಯ್ದು ಒಂದು, ನಡುವೆ ನಿಲ್ಲಿಸಿ ಒಂದು, ಕೊನೆಗೆ ತಂದು ಒಂದು. ಒಂದು ಲೆನ್ಸಿನಲ್ಲಿ ನಡುವೆ ಕನ್ನಡಿ, ಮೂಲೆಗೆ ಬಂದರೆ ಎಣ್ಣೆ ಕುಡಿದ ಕಾಗದ. ಇನ್ನೊಂದರಲ್ಲಿ ಮೂಲೆ ಚೆನ್ನ, ಆದರೆ ಇಟ್ಟಿಗೆಯ ಸಾಲುಗಳು ಬಾಗುತ್ತವೆ. ಮೂರನೆಯದು ಅಷ್ಟೇನೂ ಅಗಲವಲ್ಲ, ಸಾಲುಗಳೆಲ್ಲ ನೆಟ್ಟಗೆ. ಅದನ್ನು ಮನೆಗೆ ತಂದರು.

ಮನೆಯ ಹಜಾರದ ಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿ ಮತ್ತೆ ಪರೀಕ್ಷೆ. ಫೋಟೋದ ಮೂಲೆಗಳನ್ನು ದೊಡ್ಡದು ಮಾಡಿ ಅತ್ತೆಯಿಂದ ಓದಿಸಿದರು.

“ಈ ಮೂಲೇಲಿ ‘ಬಾಡಿಗೆಗೆ ಇದೆ’ ಅಂತ ಕಾಣುತ್ತೆ” ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು. “ಆ ಮೂಲೇಲಿ ಬರೀ ಇರುವೆ ಸಾಲು. ಗೋಡೆ ತುಂಬ ರದ್ದಿ ಪೇಪರ್ ಅಂಟಿಸಿ ಮುದುಕಿ ಕಣ್ಣು ಪರೀಕ್ಷೆ ಮಾಡ್ತೀಯಲ್ಲೇ, ನೆಂಟರು ಬಂದರೆ ಏನು ಹೇಳಲಿ?”

ಬಲಗಡೆಯ ಮೂಲೆ ಮಸುಕು! ಲೆನ್ಸನ್ನು ಹೊತ್ತುಕೊಂಡು ಮತ್ತೆ ಅಂಗಡಿಗೆ. ಇದೇ ಮಾದರಿಯಲ್ಲಿ ಇನ್ನೊಂದು ಕೊಡು ಎಂದರೆ ಅಂಗಡಿಯವನಿಗೆ ರೇಗಿತು. “ಅದೇ ಕಂಪನಿ, ಅದೇ ಕಾರ್ಖಾನೆ. ಎಲ್ಲ ಒಂದೇ ಮೇಡಂ.”

“ಒಂದೇ ತಾಯಿ ಮಕ್ಕಳೆಲ್ಲ ಒಂದೇ ಥರ ಇರ್ತಾರೇನಪ್ಪ? ಸುಮ್ನೆ ಇನ್ನೊಂದು ಡಬ್ಬಿ ತೆಗಿ.”

ಇನ್ನೊಂದರಲ್ಲಿ ನಾಲ್ಕು ಮೂಲೆಯೂ ಅತ್ತೆಯ ಬಾಯಲ್ಲಿ ಪಟಪಟನೆ ಓದಿಸಿಕೊಂಡವು.

ಆ ಲೆನ್ಸು ಹಿಡಿದು ಮೂಲೆಯಕ್ಕ ಟೈಲರಮ್ಮನ ಕೋಣೆಗೆ ಹೋಗುವ ಹೊತ್ತಿಗೆ ಅರ್ಧ ಸಾಮಾನು ಗಂಟು ಕಟ್ಟಿಯಾಗಿತ್ತು. ಹೊಲಿಗೆ ಯಂತ್ರ ಮಾತ್ರ ಅಲುಗಾಡಿರಲಿಲ್ಲ. ದಾರ, ಬೀಗ, ಸ್ಟ್ಯಾಂಡು ಎಲ್ಲ ಮತ್ತೆ ಹೂಡಿದ್ದಾಯಿತು. ಕ್ಯಾಮೆರಾದ ಪರದೆಯ ಮೇಲೆ ಗೋಡೆ ನೆಟ್ಟಗೆ, ದಾರ ನೆಟ್ಟಗೆ. ಮೂಲೆಯಕ್ಕನಿಗೆ ಉಸಿರು ಬಂತು. ಅಭ್ಯಾಸಬಲದಿಂದ ಮೂಲೆಗಳನ್ನು ದೊಡ್ಡದು ಮಾಡಿ ನೋಡಿದರು. ಮೇಲಿನ ಎಡಮೂಲೆಯಲ್ಲಿ, ತೊಲೆ ಗೋಡೆಗೆ ಕೂರುವ ಜಾಗದಲ್ಲಿ, ಕೂದಲೆಳೆಯಂಥ ಒಂದು ಬಿರುಕು ಓರೆಯಾಗಿ ಇಳಿದಿತ್ತು. ಹಳೆಯ ಲೆನ್ಸು ಇಷ್ಟು ದಿನ ಅದನ್ನು ಮಸುಕಿನಲ್ಲಿ ಮುಚ್ಚಿಟ್ಟಿತ್ತು.

ಉಂಗುರವನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಮೂಲೆ ಚೌಕಟ್ಟಿನಿಂದ ಹೊರಗೆ. ಇಂಜಿನಿಯರು ಕೇಳಿದ್ದೂ ಗೋಡೆಯ ಫೋಟೋ ಮಾತ್ರ. ಟೈಲರಮ್ಮ ಬೆನ್ನ ಹಿಂದೆ ನಿಂತು, “ಸರಿಯಾಗಿ ಬಂತೇನೇ? ಗಂಟು ಬಿಚ್ಚಲಾ?” ಎಂದು ಕೇಳುತ್ತಿದ್ದರು. ಮೂಲೆಯಕ್ಕನ ಕೈ ಉಂಗುರದ ಮೇಲೆಯೇ ಇತ್ತು. ತಿರುಗಿಸಲಿಲ್ಲ. ಬಟನ್ನು ಒತ್ತಿ, ಟೈಲರಮ್ಮನನ್ನು ಕರೆದು ಬಿರುಕನ್ನು ತೋರಿಸಿದರು.

“ನೀನು ನನ್ನ ಕಡೆಯೋ, ಬಿರುಕಿನ ಕಡೆಯೋ?” ಎಂದು ಕೂಗಿ ಟೈಲರಮ್ಮ ಬಾಗಿಲು ಹಾಕಿಕೊಂಡರು.

ಫೋಟೋ ನೋಡಿದ ಇಂಜಿನಿಯರು ಸರದಿ ಕಾಯಲಿಲ್ಲ, ಅಂದೇ ಬಂದರು. ಗೋಡೆಯ ನೋಟಿಸನ್ನು ಅಲ್ಲೇ ರದ್ದು ಮಾಡಿದರು. ತೊಲೆಯ ಬಳಿ ಗಾರೆ ಕೆದಕಿದಾಗ ಒಳಗಿನ ಕಬ್ಬಿಣ ತುಕ್ಕು ತಿಂದು ಪುಡಿಯಾಗಿ ಉದುರಿತು. ಈಗ ತೊಲೆಗೆ ಕೆಳಗಿನಿಂದ ಕಂಬದ ಆಸರೆ ಕೊಟ್ಟು ರಿಪೇರಿ ನಡೆಯುತ್ತಿದೆ. ಅದು ಮುಗಿಯುವವರೆಗೆ ಟೈಲರಮ್ಮ ಮಲಗುವುದು ಎದುರು ಮನೆಯ ನೆರೆಯವರಲ್ಲಿ. ಯಂತ್ರ ಮೆಟ್ಟಿಲ ಕೆಳಗೆ. ಗಿರಾಕಿಗಳು ಅಲ್ಲಿಗೇ ಬರುತ್ತಾರೆ. ಗುಮಾಸ್ತರು ಹೊಸ ಲೆನ್ಸಿನ ಬಿಲ್ಲು ನೋಡಿ, “ಅಗಲ ಕಮ್ಮಿ, ನಕ್ಷತ್ರವೂ ಕಮ್ಮಿ” ಎಂದು ಇನ್ನೂ ಗೊಣಗುತ್ತಿದ್ದಾರೆ.

ಈ ದಿನ ಬಚ್ಚಲುಮನೆಗಳನ್ನು ಮುಗಿಸಿ ಮೂಲೆಯಕ್ಕ ರಿಪೇರಿಯ ಫೋಟೋ ತೆಗೆಯಲು ಟೈಲರಮ್ಮನ ಕಟ್ಟಡಕ್ಕೆ ಬಂದಿದ್ದಾರೆ. ಟೈಲರಮ್ಮ ಯಂತ್ರದಿಂದ ತಲೆ ಎತ್ತುವುದಿಲ್ಲ.

“ಅವತ್ತು ಆ ಮೂಲೆ ಬಿಟ್ಟು ತೆಗೆದಿದ್ದರೆ ಇವತ್ತು ನಾನು ನನ್ನ ಕೋಣೇಲಿ ಇರ್ತಿದ್ದೆ.”

“ಇರ್ತಿದ್ರಿ. ತಲೆ ಮೇಲೆ ಏನಿದೆ ಅಂತ ನಂಗೆ ಗೊತ್ತಿರ್ತಿತ್ತು, ನಿಮಗೆ ಗೊತ್ತಿರ್ತಿರಲಿಲ್ಲ. ನಂಗೆ ಅದು ಆಗಲ್ಲ ಟೈಲರಮ್ಮ.”

ಟೈಲರಮ್ಮ ಹಲ್ಲಿನಿಂದ ದಾರ ಕಡಿಯುತ್ತಾರೆ. ಬಟ್ಟೆಯನ್ನು ಕೊಡವುತ್ತಾರೆ.

“ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ” ಎನ್ನುತ್ತಾರೆ. “ಫೋಟೋ ಮುಗಿಸಿ ಹಂಗೇ ಓಡಿಹೋಗಬೇಡ. ನಿನ್ನ ರವಿಕೆ ತೋಳು ಹರಿದಿದೆ, ಹೊಲಿದು ಕೊಡ್ತೀನಿ.”