ಬ್ಯಾರನ್ ಗೋಡೆಗೆ ಒರಗಿದ್ದ ಹಾರ್ಡ್ ಡಿಸ್ಕ್

ಹಾರನಹಳ್ಳಿ ಸುತ್ತಮುತ್ತಲಿನ ಯಾವ ಮದುವೆಯ ವಿಡಿಯೊ ಹಾಕಿ ನೋಡಿದರೂ ಧಾರೆಯ ಹೊತ್ತಿಗೆ ಸರಿಯಾಗಿ ಮದುಮಗಳ ತಲೆಯ ಮೇಲೆ ಗುಲಾಬಿ ದಳ ಉದುರುತ್ತವೆ. ಅದು ಲಿಂಗರಾಜುವಿನ ಕೈಚಳಕ. ದಳ ಉದುರಿಸದೆ, ಹಾಡು ಸೇರಿಸದೆ, ಹೆಸರುಗಳನ್ನು ಬಂಗಾರದ ಬಣ್ಣದಲ್ಲಿ ಗಿರಗಿರ ತಿರುಗಿಸದೆ ಅವನು ಯಾರ ಕೈಗೂ ವಿಡಿಯೊ ಕೊಟ್ಟವನಲ್ಲ. ಹೀಗಾಗಿ ಕೆಲಸ ತಡವಾಗುತ್ತಿತ್ತು. ಮಗುವನ್ನು ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮನ ಮದುವೆ ವಿಡಿಯೊ ಬರುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಈ ಮಳೆಗಾಲದಲ್ಲಿ ಮಾತ್ರ ಅವನಿಗೆ ನಗು ಬರಲಿಲ್ಲ.

ಕಾಡಂಚಿನ ಗಿರಿಜನ ಹಾಡಿಯ ಮುದುಕಿ ಮುತ್ತಿಯ ಮಾತು ಅವನ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿತ್ತು. ಆ ಡಿಸ್ಕ್ ಈಗ ಬಾಯಿ ಬಿಡುತ್ತಿರಲಿಲ್ಲ. ಮುತ್ತಿ ಮುಂಗಾರಿನ ಮೊದಲ ಮಳೆಗೇ ತೀರಿಕೊಂಡಿದ್ದಳು.

ಹಾಡಿಯವರು ಹಿಂದೆ ಕಾಡಿನ ಒಳಗೇ ಇದ್ದವರು. ಅರಣ್ಯ ಇಲಾಖೆ ಅವರನ್ನು ಹೊರಗೆ ಕಳಿಸಿದಾಗ ಮುತ್ತಿ ಎಳೆ ಬಾಣಂತಿ, ಮಗ ಸಿದ್ದ ಮೊಲೆ ಕುಡಿಯುವ ಕೂಸು. ಈಗ ಆ ಹಳೆಯ ಜಾಗದ ಮೇಲೆ, ಮುಖ್ಯವಾಗಿ ಹಿರಿಯರನ್ನು ಮಣ್ಣು ಮಾಡಿದ ಗುಡ್ಡೆಗಳ ಮೇಲೆ ಹಕ್ಕು ಬೇಕೆಂದು ಹಾಡಿಯವರು ಅರ್ಜಿ ಹಾಕಿದ್ದರು. ಗುಡ್ಡೆಗಳು ಎಲ್ಲಿವೆ ಎಂದು ತೋರಿಸಬೇಕು. ಲಂಟಾನದ ಮುಳ್ಳುಪೊದೆ ಬೆಳೆದು ನೆಲವೇ ಕಾಣದಂತಾದ ಕಾಡಿನಲ್ಲಿ ಅದನ್ನು ತೋರಿಸಬಲ್ಲ ಜೀವ ಉಳಿದಿದ್ದು ಮುತ್ತಿಯದೊಂದೇ. ಅವಳಿಗೋ ಕಣ್ಣು ಮಂಜಾಗುತ್ತಿತ್ತು.

ಒಳಗೆ ಹೋಗಲು ಇಲಾಖೆಯ ಒಪ್ಪಿಗೆ ಸಿಕ್ಕ ಒಂದೇ ಒಂದು ದಿನ ಸಿದ್ದನೂ ಹಾಡಿಯ ಉಳಿದವರೂ ಕಾಫಿ ಕುಯ್ಲಿಗೆಂದು ಕೊಡಗಿನಲ್ಲಿದ್ದರು. ಕಾಯುವುದು ಬೇಡ ಎಂದಳು ಮುತ್ತಿ. ಲಿಂಗರಾಜುವಿನ ತಂಬಾಕಿನ ಹೊಲದಲ್ಲಿ ವರ್ಷಗಟ್ಟಲೆ ಸೊಪ್ಪು ಕಟ್ಟಿದವಳು, ಅವನಿಗೇ ಹೇಳಿ ಕಳಿಸಿದಳು. ಅವನು ಕ್ಯಾಮೆರಾ ಹೆಗಲಿಗೇರಿಸಿ ಹಿಂದೆ ನಡೆದ. ಅವಳು ನಡೆದು ನಡೆದು ಒಂದು ಕಡೆ ನಿಂತಳು, ಹೇಳಿದಳು, ಕೈ ತೋರಿಸಿದಳು. ಅವನು ಎಲ್ಲವನ್ನೂ ಹಿಡಿದುಕೊಂಡು ಬಂದು ಡಿಸ್ಕಿಗೆ ತುಂಬಿದ. ಕ್ಯಾಮೆರಾದ ಕಾರ್ಡನ್ನು ಎಂದಿನಂತೆ ಅಳಿಸಿ ಮುಂದಿನ ಮದುವೆಗೆ ಹಾಕಿಕೊಂಡ.

ಒಂದು ಪೆನ್‌ಡ್ರೈವಿಗೆ ಹಾಕಿ ಕೊಡಿ ಸಾಕು ಎಂದು ಸಿದ್ದ ಕೇಳದೆ ಇರಲಿಲ್ಲ. ಮುತ್ತಿಯ ಹೆಸರು ಚೆನ್ನಾಗಿ ಬರಲಿ, ಹಿಂದೆ ಒಂದು ಕೊಳಲು ಕೇಳಿಸಲಿ, ಆಮೇಲೆ ಕೊಡೋಣ ಎಂದು ಲಿಂಗರಾಜುವೇ ಮುಂದಕ್ಕೆ ಹಾಕಿದ. ಪ್ರೀತಿಯಿಂದಲೇ ಹಾಗೆ ಮಾಡಿದ. ಆ ಪ್ರೀತಿಗೆ ಬೆಂಕಿ ಬೀಳಲಿ ಎಂದು ಈಗ ತನಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದ.

ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಮಳೆಗಾಲದ ಸುಖ ಎಂದರೆ ಸೊಪ್ಪು ಹದಮಾಡುವ ಬ್ಯಾರನ್ನಿನ ಗೋಡೆ. ಒಳಗೆ ಹಗಲೂ ರಾತ್ರಿ ಸೌದೆ ಉರಿದು ಸೊಪ್ಪು ಬೇಯುತ್ತಿರುವಾಗ ಆ ಗೋಡೆ ಬೆಚ್ಚಗಿರುತ್ತದೆ. ಲಿಂಗರಾಜುವಿನ ತಾಯಿ ಬಿತ್ತನೆಯ ಅವರೆಕಾಳು ಇಡುತ್ತಿದ್ದದ್ದು ಅದರ ಪಕ್ಕದಲ್ಲಿ. ಹೆಂಡತಿ ಪ್ರಮೀಳಾ ಬಟ್ಟೆ ಒಣಗಿಸುವುದೂ ಅಲ್ಲೇ. ಥಂಡಿ ತಾಗಬಾರದ ವಸ್ತು ಏನಿದ್ದರೂ ಅಲ್ಲಿಗೇ. ಹಿಂದಿನ ವರ್ಷ ಶೀತಕ್ಕೆ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಅದಕ್ಕೇ ಈ ಸಲ ಅವನು ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಬ್ಯಾರನ್ ಗೋಡೆಗೆ ಒರಗಿಸಿದ. ಬೂದಿ ಕೂರದಿರಲಿ ಎಂದು ದಪ್ಪನೆಯ ಟವೆಲ್ ಬೇರೆ ಹೊದೆಸಿದ. ಆಷಾಢಕ್ಕೆ ಮುಂಚಿನ ಮದುವೆಗಳೆಲ್ಲ ಬಾಕಿ ಇದ್ದವು. ಅಷ್ಟನ್ನೂ ಅದೇ ಡಿಸ್ಕಿಗೆ ಬೆಳಗಿನಿಂದ ಬೈಗಿನವರೆಗೆ ಬರೆಸುತ್ತ ಕೂತ. ಒಂದು ದಿನ ಟವೆಲ್ಲಿನ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಪರದೆ ನಿಂತಲ್ಲೇ ನಿಂತಿತು.

ಅರ್ಜಿಯ ಪರಿಶೀಲನೆಗೆ ಅಧಿಕಾರಿಗಳು ಮುಂದಿನ ವಾರವೇ ಬರುತ್ತಾರೆಂದು ಹಾಡಿಗೆ ಸುದ್ದಿ ಬಂದಿತ್ತು. ಲಿಂಗರಾಜು ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಮೈಸೂರಿನ ಬಸ್ಸು ಹತ್ತಿದ. ಬಿಳಿಕೆರೆಯಲ್ಲಿ ಪಕ್ಕಕ್ಕೆ ಬಂದು ಕೂತವರು ಪ್ರಸಾದವೋ ಎಂದು ಕೇಳಿದರು. ಹೂಂ ಎಂದುಬಿಟ್ಟ.

ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವ ಯಶೋಧರಾ ಎಂಬ ಹೆಣ್ಣುಮಗಳ ಅಂಗಡಿ ಮೈಸೂರಿನಲ್ಲಿತ್ತು. ಆಕೆ ದೂಳು ಸೇರದ ಗಾಜಿನ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು ಡಿಸ್ಕನ್ನು ಬಿಚ್ಚಿ, ಬರೆದದ್ದೆಲ್ಲ ಕೂರುವ ತಟ್ಟೆಯ ಮೇಲಿನ ಗೀರನ್ನು ತೋರಿಸಿದರು. ಎಲ್ಲಿಟ್ಟಿದ್ದಿರಿ ಇದನ್ನು ಎಂದು ಕೇಳಿದರು. ಅವನು ಹೇಳಿದ. ಆಕೆ ಬೈಯಲಿಲ್ಲ, ತಾಳ್ಮೆಯಿಂದ ತಿಳಿಸಿದರು. ಬರೆಯುವ ಹೆಡ್ಡು ತಟ್ಟೆಗೆ ಮುಟ್ಟದೆ, ಕೂದಲೂ ತೂರದ ಸಂದಿನಲ್ಲಿ ತೇಲುತ್ತಿರುತ್ತದೆ. ಬರೆಯುವಾಗ ಸುರುಳಿಯಲ್ಲಿ ಕರೆಂಟು ಹರಿದು ಅದರ ತುದಿ ಕಾಯುತ್ತದೆ, ಕಾದರೆ ಉಬ್ಬಿ ಕೆಳಗಿಳಿಯುತ್ತದೆ. ಹಾಗೆ ಇಳಿದು ಮುಟ್ಟದಂತೆ ಮಾಡುವುದೇ ಇದನ್ನು ಕಟ್ಟುವವರ ದೊಡ್ಡ ತಲೆನೋವು. ಬೇಗ ಉಬ್ಬದ ಲೋಹ ಹುಡುಕುತ್ತಾರೆ, ಶಾಖವನ್ನು ಹೊರಗೆ ಎಳೆಯುವ ಪದರ ಕೂರಿಸುತ್ತಾರೆ, ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಲೇ ಇದ್ದಾರೆ.

“ಇಷ್ಟು ಬಿಸಿ ತಡೀಬೇಕು ಅಂತ ಅವರೂ ಲೆಕ್ಕ ಹಾಕಿರ್ತಾರೆ ಸರ್,” ಎಂದರು ಯಶೋಧರಾ. “ನಿಮ್ಮ ಬ್ಯಾರನ್ ಗೋಡೆ ಆ ಲೆಕ್ಕದಲ್ಲಿರಲಿಲ್ಲ.”

ಬೇರೆ ಹೆಡ್ಡು ಹಾಕಿ ನೋಡುತ್ತೇನೆ, ಗೀರು ಬಿದ್ದಲ್ಲಿ ಮಾತ್ರ ದೇವರೂ ಓದಲಾರ ಎಂದು ಆಕೆ ಮೊದಲೇ ಹೇಳಿದರು. ಲಿಂಗರಾಜು ಊರಿಗೆ ಹೋಗಿ ಬಂದು, ಹೋಗಿ ಬಂದು ಕಾದ. ಅನ್ನ ಸೇರಲಿಲ್ಲ. ಬ್ಯಾರನ್ನಿನ ಉರಿ ನೋಡುವ ಕೆಲಸವನ್ನು ಪ್ರಮೀಳಾಳಿಗೆ ಬಿಟ್ಟು ಜಗಲಿಯಲ್ಲಿ ಕೂತಿರುತ್ತಿದ್ದ. ಮದುವೆಗಳೆಲ್ಲ ಹಾಳಾದರೂ ಹೋಗಲಿ, ಆ ಅಜ್ಜಿಯೊಬ್ಬಳು ಬರಲಿ ಎಂದು ಹೇಳಿ ಹೆಂಡತಿಯ ಮುಂದೆ ಅತ್ತ.

ಆದದ್ದು ಉಲ್ಟಾ. ಮದುವೆಗಳು ಬಹುಪಾಲು ಬಂದವು, ಗುಲಾಬಿ ದಳಗಳ ಸಮೇತ. ಮುತ್ತಿಯ ವಿಡಿಯೊದಲ್ಲಿ ಉಳಿದಿದ್ದು ಒಂದು ಸಣ್ಣ ತುಣುಕು.

ಅದನ್ನು ಫೋನಿಗೆ ಹಾಕಿಸಿಕೊಂಡು ಅವನು ಸಿದ್ದನ ಗುಡಿಸಲಿಗೆ ಹೋದ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಸಿದ್ದ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೇಳಿದ, ಸಿಟ್ಟಾಗಲಿಲ್ಲ. ಏನೂ ಕೆಟ್ಟಿಲ್ಲ ಎನ್ನುವವನಂತೆ ಮುಖ ಎತ್ತಿದ.

“ನೀವಿದ್ರಲ್ಲಣ್ಣ. ಅವ್ವ ಕೈ ತೋರ್ಸ್‌ವಾಗ ಎದ್ರಿಗೇ ನಿಂತಿದ್ರಿ. ನಾಳೀಕೆ ಆಪೀಸರ್‌ಗೋಳು ಬಂದಾಗ ನೀವೇ ಬಂದು ಯೋಳ್ಬುಡಿ.”

ಲಿಂಗರಾಜು ಕಣ್ಣು ಮುಚ್ಚಿ ಆ ದಿನವನ್ನು ತಡಕಿದ. ಮುತ್ತಿಯ ಬೆನ್ನ ಹಿಂದಿನ ಬಿಸಿಲು ನೆನಪಿತ್ತು. ಅವಳ ಮೂಗುತಿ ಫಳಕ್ಕೆಂದದ್ದು ನೆನಪಿತ್ತು. ಮುಖದ ಮೇಲೆ ಎಲೆಯ ನೆರಳು ಬಿದ್ದು ಕಿರಿಕಿರಿಯಾದದ್ದೂ ನೆನಪಿತ್ತು. ಅವಳ ಮಾತು, ಅವಳ ಕೈ ಹೋದ ದಿಕ್ಕು ನೆನಪಿರಲಿಲ್ಲ. ಅದನ್ನೆಲ್ಲ ಡಿಸ್ಕು ನೋಡಿಕೊಳ್ಳುತ್ತದೆ ಎಂದು ಅವನು ಬೆಳಕನ್ನಷ್ಟೇ ನೋಡಿದ್ದ.

ಫೋನು ತೆಗೆದು ಆ ತುಣುಕು ಹಾಕಿ ಸಿದ್ದನ ಕೈಗೆ ಕೊಟ್ಟ. ಲಂಟಾನದ ಪೊದೆಗಳ ನಡುವೆ ಮುತ್ತಿ ಕೋಲೂರಿ ನಿಂತಿದ್ದಳು. ಕ್ಯಾಮೆರಾದ ಹಿಂದಿನಿಂದ ಲಿಂಗರಾಜುವಿನದೇ ದನಿ ಬಂತು.

“ಅಜ್ಜಿ, ಮಕ ಕಪ್ಪಗ್ ಬತ್ತಾ ಅದೆ. ವಸಿ ಈ ಕಡೀಕ್ ತಿರಿಕ್ಕಳಿ.”

“ಅಂಗ್ ತಿರಿಕ್ಕಂಡ್ರೆ ಗುಡ್ಡೆ ಬೆನ್ನಿಗ್ ಬತ್ತದೆ ಕಣಪ್ಪ.”

“ಬರ್ಲಿ ಬುಡಿ ಅಜ್ಜಿ. ಮಕ ಚೆಂದಾಗ್ ಬರ್ಬೇಕು.”

ಮುತ್ತಿ ನಕ್ಕು ಸೆರಗು ಸರಿಮಾಡಿಕೊಂಡು ತಿರುಗಿದಳು. ಬಿಸಿಲು ಮುಖದ ತುಂಬ ಬಿತ್ತು. ಮಾತಾಡಲೆಂದು ಬಾಯಿ ತೆರೆದಳು, ಅಲ್ಲಿಗೆ ಚಿತ್ರ ನಿಂತಿತು.

ಸಿದ್ದ ಮತ್ತೆ ಹಾಕಿದ. ಇನ್ನೊಂದು ಸಲ ಹಾಕಿದ. ಸುತ್ತ ಯಾವುದಾದರೂ ಬಂಡೆ, ಮರ, ತೊರೆಯ ಗುರುತು ಸಿಗುತ್ತದೇನೋ ಎಂದು ಪರದೆಗೆ ಕಣ್ಣು ತಾಗುವಷ್ಟು ಬಗ್ಗಿ ನೋಡಿದ. ಹಿಂದೆ ಇದ್ದದ್ದೆಲ್ಲ ಮಸುಕು. ಮುಖ ಎದ್ದು ಕಾಣಲೆಂದು ಲಿಂಗರಾಜು ಬೇಕೆಂದೇ ಮಸುಕು ಮಾಡಿಕೊಂಡಿದ್ದ.



ಸಿದ್ದ ಪರದೆಯನ್ನು ಪಂಚೆಯ ತುದಿಯಿಂದ ಒರೆಸಿದ.

“ಅವ್ವನ್ ಮಕ ಚೆಂದಾಗ್ ಬಂದದೆ ಕಣಣ್ಣ,” ಎಂದು ಫೋನನ್ನು ಲಿಂಗರಾಜುವಿನ ಕೈಗೆ ಕೊಟ್ಟ.