ನಾಬ್ ಇಲ್ಲದ ಬೈಕು

ಮೊನ್ನೆ ಭಾನುವಾರ ಬೆಳಿಗ್ಗೆ ಮಗಳ ಹೊಸ ಬೈಕಿನಲ್ಲಿ ಹಾಲು ತಂದು, ವಿದ್ಯಾನಗರದ ನಮ್ಮ ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ಇಳಿದೆ. ಇಳಿದವನ ಎಡಗೈ ತನ್ನಷ್ಟಕ್ಕೆ ತಾನೇ ಟ್ಯಾಂಕಿನ ಕೆಳಗೆ ಹೋಗಿ ತಡಕಾಡತೊಡಗಿತು. ಏನೂ ಸಿಗಲಿಲ್ಲ. ಕೈ ಇನ್ನೂ ಸ್ವಲ್ಪ ಒಳಗೆ ಹೋಯಿತು, ಬಿಸಿ ಎಂಜಿನ್ ತಗುಲಿ ಹೊರಗೆ ಬಂತು. ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಮಗಳು ಬಾಯಿಂದ ಬ್ರಷ್ ತೆಗೆದು, "ಅಪ್ಪಾ, ಏನ್ ಕಳ್ಕೊಂಡೆ?" ಎಂದಳು. ಏನಿಲ್ಲ ಎಂದು ಬೆರಳನ್ನು ಹಾಲಿನ ಪ್ಯಾಕೆಟ್ಟಿಗೆ ಒತ್ತಿಕೊಂಡು ಒಳಗೆ ಹೋದೆ.

ಕಳೆದುಕೊಂಡದ್ದು ಪೆಟ್ರೋಲ್ ನಾಬ್. ನಿಮಗೆ ನಲವತ್ತು ದಾಟಿದ್ದರೆ ವಿವರಿಸಬೇಕಾಗಿಲ್ಲ. ದಾಟದವರಿಗೆ ಹೇಳುತ್ತೇನೆ. ಹಿಂದೆ ಬೈಕುಗಳಿಗೆ ಟ್ಯಾಂಕಿನ ಕೆಳಗೆ, ಎಡ ಮೊಣಕಾಲಿನ ಹತ್ತಿರ, ಪುಟ್ಟದೊಂದು ನಲ್ಲಿ ಇರುತ್ತಿತ್ತು. ತೆರೆದರೆ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತಿತ್ತು, ತಿರುಗಿಸಿದರೆ ನಿಲ್ಲುತ್ತಿತ್ತು. ಆದರೆ ನಾಬ್ ಮುಚ್ಚಿದ ತಕ್ಷಣ ಬೈಕು ನಿಲ್ಲುತ್ತಿರಲಿಲ್ಲ. ಕಾರ್ಬೊರೇಟರಿನಲ್ಲಿ ಉಳಿದ ಒಂದು ಗುಟುಕು ಪೆಟ್ರೋಲಿನಲ್ಲಿ ಏನೂ ಆಗಿಲ್ಲವೆಂಬಂತೆ ಸ್ವಲ್ಪ ದೂರ ಓಡಿ, ಆಮೇಲೆ ನಾಲ್ಕು ಜನ ನೋಡುವ ಜಾಗದಲ್ಲಿ ನಿಲ್ಲುತ್ತಿತ್ತು. ಈಗಿನ ಬೈಕುಗಳಿಗೆ ಆ ನಾಬೇ ಇಲ್ಲ. ಎಲ್ಲವನ್ನೂ ಒಳಗೇ ಒಂದು ಯಂತ್ರ ನೋಡಿಕೊಳ್ಳುತ್ತದಂತೆ. ಕೈಗೆ ಇದನ್ನು ಯಾರೂ ತಿಳಿಸಿಲ್ಲ.

ಈ ಬೈಕಿನ ಕನ್ನಡಿಗಳನ್ನು ಮಗಳು ಹಿಂದಿನ ದಿನವೇ ಬಿಚ್ಚಿಟ್ಟಿದ್ದಳು. ಏಕೆ ಎಂದು ನಾನು ಕೇಳಿರಲಿಲ್ಲ. ಕನ್ನಡಿ ಬಿಚ್ಚಿದವರನ್ನು ಏಕೆ ಎಂದು ಕೇಳುವ ಅಗತ್ಯ ನನಗಿಲ್ಲ. ತಿಂಡಿಗೆ ಕೂತಾಗ ಅವಳೇ ಹೇಳಿದಳು. ಮುಂದಿನ ಭಾನುವಾರ ಭದ್ರಾವತಿಯಲ್ಲಿ ಡರ್ಟ್ ರೇಸ್, ಹುಡುಗಿಯರಿಗೆ ಬೇರೆಯೇ ಇದೆ, ಹೆಸರು ಕೊಡಬೇಕು, ಸಂಜೆಯೊಳಗೆ ನೀನು ಹೂಂ ಅನ್ನಬೇಕು. ನನ್ನ ಹೆಂಡತಿ ಸುಮಾ ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಬೀಜದಂತೆ ವೃಕ್ಷ ಎಂದು ಬಾಯಿ ಬಿಟ್ಟು ಹೇಳದೆಯೇ ಹೇಳಲು ಬರುವ ಹೆಂಗಸು ಅವಳು.

ಹೌದು, ನಾನು ಒಂದು ಕಾಲದಲ್ಲಿ ರೇಸ್ ಓಡಿಸುತ್ತಿದ್ದೆ. ಇದನ್ನು ಯಾರಿಗೆ ಹೇಳಿದರೂ ಮೊದಲು ನನ್ನ ಹೊಟ್ಟೆಯನ್ನು ನೋಡುತ್ತಾರೆ, ಆಮೇಲೆ ನಗುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ವಾರವೆಲ್ಲ ಶಾಲೆಗೆ ಹೋಗುತ್ತಿದ್ದ ಟೂ-ಸ್ಟ್ರೋಕ್ ಬೈಕೇ ಶನಿವಾರ ಮಧ್ಯಾಹ್ನ ರೇಸ್ ಬೈಕಾಗುತ್ತಿತ್ತು. ಬೆಳಗಿನ ಶಾಲೆ ಮುಗಿಸಿ ಆಲ್ಕೊಳ ಸರ್ಕಲ್ಲಿನ ಹತ್ತಿರದ ಇಲಿಯಾಸನ ಗ್ಯಾರೇಜಿಗೆ ಹೋದರೆ ಅವನು ಕನ್ನಡಿ, ಇಂಡಿಕೇಟರ್, ಹೆಡ್‌ಲೈಟ್ ಎಲ್ಲ ಬಿಚ್ಚಿ ಒಂದು ಖಾಲಿ ಪೇಂಟ್ ಡಬ್ಬಕ್ಕೆ ಹಾಕುತ್ತಿದ್ದ. ಕೊನೆಯದು ಸೀರೆ ಗಾರ್ಡ್. ಅದಕ್ಕೆ ಸ್ಪ್ಯಾನರ್ ಇಡುವ ಮುಂಚೆ ಪ್ರತಿ ಸಲವೂ ಕೈ ತಡೆದು ಕೇಳುತ್ತಿದ್ದ.

"ಮೇಷ್ಟ್ರೇ, ಭಾಭೀಗೆ ಹೇಳಿದೀರಾ?"

"ಹೇಳ್ತೀನಿ ಮಾರಾಯ, ನೀನು ಬಿಚ್ಚು."

ರೇಸ್ ಎಂದರೆ ದೊಡ್ಡದಾಗಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಭದ್ರಾವತಿಯ ಹೊರಗೊಂದು ಬಯಲು. ಜೆಸಿಬಿಯಲ್ಲಿ ಮಣ್ಣು ಎಳೆದು ಮಾಡಿದ ನಾಲ್ಕು ತಿರುವು, ಎರಡು ದಿಬ್ಬ, ಸುತ್ತ ಹಗ್ಗ. ಧೂಳು ಏಳದಿರಲೆಂದು ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ನೀರು ಹೊಡೆದ ಮೇಲೆ ಕೆಸರು, ಕೆಸರು ಒಣಗಿದ ಮೇಲೆ ಧೂಳು, ಅವೆರಡರ ನಡುವೆ ಸ್ವಲ್ಪ ಹೊತ್ತು ಅದು ಟ್ರ್ಯಾಕ್ ಆಗಿರುತ್ತಿತ್ತು. ನಮ್ಮ ರೇಸ್ ಆ ಹೊತ್ತಿಗೆ ಬಂದ ನೆನಪಿಲ್ಲ.

ಗೆಲ್ಲುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದ್ದದ್ದು ಒಂದೇ ಆಸೆ, ರೇಸ್ ಮುಗಿಸಬೇಕು, ಕೊನೆಯಲ್ಲಿ ಚೌಕುಳಿ ಬಾವುಟ ಬೀಸುತ್ತಾರಲ್ಲ, ಅದರ ಮುಂದೆ ಒಂದು ಸಲ ಹಾದು ಹೋಗಬೇಕು. ಅದೂ ಆಗಿರಲಿಲ್ಲ. ಮೊದಲನೆಯ ರೇಸಿನಲ್ಲಿ ಚೈನ್ ತುಂಡಾಯಿತು. ಮುಂದಿನದರಲ್ಲಿ ನಾನು ಬಿದ್ದೆ. ಅದರ ಮುಂದಿನದರಲ್ಲಿ ಬೇರೊಬ್ಬ ಬಿದ್ದ, ನಾನು ಅವನ ಮೇಲೆ ಬಿದ್ದೆ. ಒಮ್ಮೆ ನಾಯಿ ಬಂತು. ಸೋಮವಾರ ಕುಂಟುತ್ತ ಶಾಲೆಗೆ ಹೋಗಿ ಬಚ್ಚಲಲ್ಲಿ ಜಾರಿದೆ ಎನ್ನುತ್ತಿದ್ದೆ. ಹೆಡ್‌ಮಾಸ್ಟರು ಎರಡು ಸಲ ಕೇಳಿಸಿಕೊಂಡು, ಮೂರನೆಯ ಸಲ, "ಮೇಷ್ಟ್ರೇ, ಬಚ್ಚಲಿಗೆ ಒರಟು ಕಲ್ಲು ಹಾಕಿಸಿ, ನನಗೆ ಗೊತ್ತಿರೋ ಗಾರೆಯವನಿದಾನೆ," ಎಂದು ಅವನನ್ನು ಮನೆಗೇ ಕಳಿಸಿದರು. ಕಳಿಸಿದ ಮೇಲೆ ಹಾಕಿಸಬೇಕಾಯಿತು. ಹೀಗೆ ನನ್ನ ರೇಸಿನಿಂದ ನಮ್ಮ ಮನೆಗೆ ಆದ ಲಾಭ ಎಂದರೆ ಇವತ್ತಿಗೂ ಯಾರೂ ಜಾರದ ಬಚ್ಚಲು.

ರೇಸಿನ ಹಿಂದಿನ ದಿನ ಬೈಕನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಭದ್ರಾವತಿಗೆ ಹೋಗಿ, ಸುಮಾಳ ತವರಿನಲ್ಲಿ ಉಳಿಯುತ್ತಿದ್ದೆ. ಮಾವನವರದು ಕಾರ್ಖಾನೆಯ ಕ್ವಾರ್ಟರ್ಸ್. ಗ್ಯಾಸ್ ಲೈನಿನ ವಾಲ್ವ್‌ಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ದಿನವೆಲ್ಲ ತೆರೆದು ಮುಚ್ಚಿದ ಕೈ. ತೆರೆಯುವುದನ್ನು ಕಾರ್ಖಾನೆಯಲ್ಲೇ ಬಿಟ್ಟು, ಮುಚ್ಚುವುದನ್ನು ಮಾತ್ರ ಮನೆಗೆ ತಂದಿದ್ದರು. ಯಾರ ಮನೆಗೆ ಹೋದರೂ ಹೊರಡುವ ಮುಂಚೆ ಅವರ ನಲ್ಲಿಗಳನ್ನು ಬಿಗಿ ಮಾಡಿ ಬರುತ್ತಿದ್ದರು. ನಮ್ಮ ಮದುವೆಯ ದಿನ ಛತ್ರದ ಅಡುಗೆಮನೆಗೆ ಇಣುಕಿ, ಒಲೆಯ ಹತ್ತಿರ ಯಾರೂ ಇಲ್ಲವೆಂದು ಸಿಲಿಂಡರ್ ಮುಚ್ಚಿ ಬಂದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಮೊದಲ ಪಂಕ್ತಿಯವರು ಬೋಂಡಾ ಇಲ್ಲದೆ ಎದ್ದರು. ಆ ಪಂಕ್ತಿಯಲ್ಲಿ ನನ್ನ ಸೋದರಮಾವ ಇದ್ದರು, ಈಗಲೂ ಯಾವ ಮದುವೆಯ ಮಾತು ಬಂದರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ನನ್ನ ಬೈಕು ಅಂಗಳದಲ್ಲಿ ನಿಂತ ಕೂಡಲೇ ಮಾವನವರು ಬಂದು ನಾಬ್ ಮುಚ್ಚುತ್ತಿದ್ದರು. ನಾನು ಮುಚ್ಚಿದ್ದರೂ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು. ರೇಸಿನ ಬಗ್ಗೆ ಮಾತ್ರ ಒಂದು ಮಾತೂ ಕೇಳುತ್ತಿರಲಿಲ್ಲ. ಮರುದಿನ ನಾನೂ ಬೈಕೂ ಒಂದೇ ಬಣ್ಣವಾಗಿ ಬಂದರೆ, "ಮಣ್ಣಾಗಿದೆ," ಎಂದು ಹೇಳಿ ಬಕೆಟ್ಟಿನಲ್ಲಿ ನೀರು ತಂದಿಡುತ್ತಿದ್ದರು. ಅದು ಯಾರಿಗೆ, ನನಗೋ ಬೈಕಿಗೋ, ಎಂದು ನಾನೂ ಕೇಳುತ್ತಿರಲಿಲ್ಲ.

ಈಗ ಹೇಳಬೇಕಾದದ್ದು ಕೊನೆಯ ರೇಸಿನ ವಿಷಯ. ಸುಮಾ ಬಸುರಿ, ಏಳು ತುಂಬಿ ತವರಿಗೆ ಬಂದಿದ್ದಳು. ಬೈಕು ಇಳಿಸಿ ಒಳಗೆ ಬಂದವನನ್ನು ಅಡುಗೆಮನೆಗೆ ಕರೆದು, "ಬೀಳೋದು ನಿಮಗೆ ಅಭ್ಯಾಸ ಆಗಿದೆ. ನನಗೆ ಇನ್ನೂ ಆಗಿಲ್ಲ ರೀ," ಎಂದಳು. ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. "ನಾಳೆ ಒಂದ್ಸಲ ಮುಗಿಸಿಬಿಡ್ತೀನಿ. ಮುಗಿಸಿದ ಮೇಲೆ ಇನ್ನು ಸೀರೆ ಗಾರ್ಡ್ ಬಿಚ್ಚಲ್ಲ," ಎಂದೆ. ಮುಗಿಸದಿದ್ದರೆ ಏನು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಮಾವನವರು ಪುಟ ತಿರುಗಿಸಿದ ಸದ್ದು ಕೇಳಿಸಿತು.

ಬೆಳಿಗ್ಗೆ ನೋಡಿದರೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದಾರೆ. "ನಾನೂ ಬರ್ತೀನಿ," ಎಂದರು. ಹೆಣ್ಣು ನೋಡಲು ಬಂದ ದಿನಕ್ಕಿಂತ ಹೆಚ್ಚು ಹೆದರಿಕೆ ನನಗೆ ಆಗ ಆಯಿತು.

ಬಯಲಿನಲ್ಲಿ ಒಂದು ಶಾಮಿಯಾನ. ಅದರ ಕೆಳಗೆ ಬೈಕು ನಿಲ್ಲಿಸಿ ಮಾವನವರಿಗೆ ಕುರ್ಚಿ ಹಾಕಿಸಿದೆ. ನಮ್ಮದಕ್ಕೆ ಮುಂಚಿನ ರೇಸಿನಲ್ಲಿ ಕುಂಸಿಯ ಕಡೆಯ ಒಬ್ಬ ಯುವಕ ಎರಡನೆಯ ದಿಬ್ಬದಲ್ಲಿ ಹಾರಿ ಬೈಕು ಒಂದು ಕಡೆ, ತಾನು ಒಂದು ಕಡೆ ಬಿದ್ದ. ಭುಜ ಮುರಿದಿತ್ತು. ನಾಲ್ಕು ಜನ ಅವನನ್ನು ಎತ್ತಿಕೊಂಡು ನಮ್ಮ ಮುಂದೆಯೇ ವ್ಯಾನಿಗೆ ಹೋದರು. ಮಾವನವರು ಎದ್ದು ನಿಂತು ನೋಡಿದರು. ಕೂರಲಿಲ್ಲ. ನಾನು, "ಮಾವ, ಬೈಕ್ ನೋಡ್ಕೊಳ್ತಿರಿ," ಎಂದು ನೀರು ಕುಡಿದು ಬರಲು ಹೋದೆ. ರೇಸಿಗೆ ಮುಂಚೆ ನನಗೆ ನೀರು ಕುಡಿಯುವುದೂ ಬಿಡುವುದೂ ಪದೇ ಪದೇ ಆಗುತ್ತಿತ್ತು.

ಬಂದೆ, ಹೆಲ್ಮೆಟ್ ಹಾಕಿದೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಬೆಳಿಗ್ಗೆ ನಾನೇ ತೆರೆದ ನಾಬನ್ನು ಇನ್ನೊಮ್ಮೆ ನೋಡುವ ಪ್ರಶ್ನೆಯೇ ಇರಲಿಲ್ಲ. ಗೆರೆಗೆ ಹೋಗಿ ನಿಂತ ಮರುಕ್ಷಣವೇ ಬಾವುಟ ಬಿತ್ತು. ಮೊದಲ ತಿರುವಿನಲ್ಲಿ ಮುಂದಿದ್ದವರೆಲ್ಲ ಒಬ್ಬರಿಗೊಬ್ಬರು ಸಿಕ್ಕಿಕೊಂಡದ್ದರಿಂದ ನಾನು ಯಾವ ತಪ್ಪೂ ಮಾಡದೆ ಮೂರನೆಯವನಾಗಿಬಿಟ್ಟೆ. ಹಗ್ಗದ ಆಚೆ ಕನ್ನಡ, ತಮಿಳು, ಉರ್ದು ಎಲ್ಲದರಲ್ಲೂ ಕೂಗುತ್ತಿದ್ದರು. "ಚಲೋ ಮೇಷ್ಟ್ರೇ!" ಎಂಬ ಇಲಿಯಾಸನ ಗಂಟಲು ಬೇರೆಯಾಗಿ ಕೇಳಿಸಿತು. ಎರಡೂ ದಿಬ್ಬ ದಾಟಿದೆ. ಒಂದು ಸುತ್ತು ಮುಗಿಯಿತು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಆಮೇಲೆ ಮಗಳು ಹುಟ್ಟಿದಾಗಲೇ ಆದದ್ದು.

ಆಗ ಎಂಜಿನ್ ಒಂದು ಸಲ ಕೆಮ್ಮಿತು. ಎರಡು ಸಲ ಕೆಮ್ಮಿತು. ನಿಂತಿತು, ಸರಿಯಾಗಿ ಶಾಮಿಯಾನದ ಎದುರಿಗೆ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಮೇಲೆ ಮಣ್ಣು ಎರಚಿ ಹೋದರು. ಮೈಕಿನವನು, "ಮೇಷ್ಟ್ರು ಇಲ್ಲೂ ನಿಂತ್ಕೊಂಡೇ ಪಾಠ ಮಾಡ್ತಿದಾರೆ ನೋಡಿ!" ಎಂದ. ಜನ ನಕ್ಕರು. ಕಿಕ್ ಹೊಡೆದೆ. ಕಾಲು ಸೋಲುವವರೆಗೂ ಹೊಡೆದೆ. ಆಮೇಲೆ ಇಳಿದು ತಳ್ಳತೊಡಗಿದೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ, ಇನ್ನೂ ನಾಲ್ಕು ಸುತ್ತು ಬಾಕಿ ಇತ್ತು. ಹೆಲ್ಮೆಟ್ಟಿನ ಒಳಗೆ ನಾನು ಅಳುತ್ತಿದ್ದೆ. ಇದನ್ನು ಬೆವರು ಎಂದು ಹೇಳಬಹುದು, ಆದರೆ ಅಳುತ್ತಿದ್ದೆ.

ಹಗ್ಗದ ಆಚೆಯಿಂದ ಕೊಡೆಯೊಂದು ನನ್ನ ಜೊತೆಯಲ್ಲೇ ಬರುತ್ತಿತ್ತು. ಸ್ವಲ್ಪ ದೂರ ಏನೂ ಮಾತಾಡದೆ ಬಂತು. ಆಮೇಲೆ ಮಾವನವರ ದನಿ, "ಅಳಿಯಂದ್ರೇ, ನಾಬ್ ನೋಡಿ."

ನೋಡಿದೆ. ಮುಚ್ಚಿತ್ತು. ತೆರೆದೆ. ನಾಲ್ಕಾರು ಕಿಕ್ಕಿಗೆ ಎಂಜಿನ್ ಬುಸುಗುಟ್ಟಿ ಎದ್ದಿತು. ಗೆದ್ದವನು ಹಾರ ಹಾಕಿಸಿಕೊಳ್ಳುವಾಗಲೂ ನಾನು ಸುತ್ತುತ್ತಿದ್ದೆ. ಟ್ಯಾಂಕರಿನವನು ರೇಸ್ ಮುಗಿಯಿತೆಂದು ಒಳಗೆ ಬಂದು ನೀರು ಹೊಡೆಯತೊಡಗಿದ, ಅವನನ್ನೂ ದಾಟಿದೆ. ರೇಸ್ ಜೀವನದಲ್ಲಿ ನಾನು ನ್ಯಾಯವಾಗಿ ಹಿಂದೆ ಹಾಕಿದ್ದು ಆ ಟ್ಯಾಂಕರನ್ನು ಮಾತ್ರ. ಬಾವುಟದವನು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದವನು ನನ್ನನ್ನು ನೋಡಿ, ಪಾಪ, ಮತ್ತೆ ಬಿಡಿಸಿ ಬೀಸಿದ. ಮಾವನವರು ಚಿತ್ರಾನ್ನದ ಡಬ್ಬಿ ತೆರೆದು, "ಮುಗೀತಲ್ಲ, ಊಟ ಮಾಡಿ," ಎಂದರು. ಸಂಜೆ ಇಲಿಯಾಸ್ ಸೀರೆ ಗಾರ್ಡ್ ಕೂರಿಸಿ ಗಟ್ಟಿಯಾಗಿ ಬೋಲ್ಟ್ ಬಿಗಿದ.

ಅಲ್ಲಿಂದೀಚೆಗೆ ಇದು ನಮ್ಮ ಮನೆಯ ಕಥೆ. ನಾಮಕರಣ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ ನಾನು ಇದನ್ನು ಹೇಳಿದ್ದೇನೆ. ಛತ್ರದ ಸಿಲಿಂಡರಿನಿಂದ ಶುರು ಮಾಡಿ, ಅಭ್ಯಾಸಬಲದಿಂದ ಅಳಿಯನ ರೇಸನ್ನೂ ಮುಚ್ಚಿದ ಮಾವ ಎಂದು ಮುಗಿಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಯಾರಾದರೂ ಸೇರಿಸುತ್ತಾರೆ. ಮಾವನವರು ಕೂತು ಕೇಳಿ ಸಣ್ಣಗೆ ನಗುತ್ತಿದ್ದರು. ಅಂದಿನಿಂದ ನನ್ನ ಕೈಗೂ ನಾಬ್ ಮುಟ್ಟಿ ನೋಡುವ ರೋಗ ಅಂಟಿತು.

ಮೊನ್ನೆಯ ಭಾನುವಾರವೂ ಮಾವನವರು ಎಂದಿನಂತೆ ಭದ್ರಾವತಿಯಿಂದ ಬಸ್ಸಿನಲ್ಲಿ ಊಟಕ್ಕೆ ಬಂದರು. ಮೊಮ್ಮಗಳು ರೇಸಿನ ವಿಷಯ ಹೇಳಿದಳು. ನಾನು ಹೂಂ ಅನ್ನುವುದನ್ನು ಮುಂದೂಡಲು ಹಳೆಯ ಕಥೆಯನ್ನೇ ಮತ್ತೆ ತೆಗೆದೆ, ಟ್ಯಾಂಕರಿನವರೆಗೂ ಹೇಳಿದೆ. ಮಗಳು ನಕ್ಕಳು. ಮಾವನವರು ಈ ಸಲ ನಗಲಿಲ್ಲ. ಊಟವಾಗಿ ನಾವಿಬ್ಬರೇ ವರಾಂಡದಲ್ಲಿ ಕೂತಾಗ ಅಡಿಕೆ ಬಾಯಿಗೆ ಹಾಕಿಕೊಂಡು, "ಅಳಿಯಂದ್ರೇ, ಅದು ಅಭ್ಯಾಸಬಲ ಅಲ್ಲ," ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

"ಆ ಹುಡುಗನ್ನ ಎತ್ಕೊಂಡು ಹೋದ್ರಲ್ಲ, ನೋಡ್ದೆ. ಸುಮಾ ಕಣ್ಮುಂದೆ ಬಂದ್ಲು. ಗೊತ್ತಿದ್ದೇ ಮುಚ್ಚಿದೆ."

"ಮತ್ತೆ ನಾಬ್ ನೋಡಿ ಅಂತ ನೀವೇ ಹೇಳಿದ್ರಲ್ಲ ಮಾವ?"

"ನೀವು ತಳ್ಕೊಂಡು ಹೊರಟ್ರಿ. ಇವತ್ತು ಮುಗಿಸ್ದಿದ್ರೆ ಇವರು ಮತ್ತೆ ಬರ್ತಾರೆ ಅನ್ನಿಸ್ತು. ಎಷ್ಟು ಸಲ ಅಂತ ಮುಚ್ಲಿ ನಾನು?" ಅಡಿಕೆ ಅಗಿಯುತ್ತ ಸೇರಿಸಿದರು, "ನೀವು ಅಳ್ತಾನೂ ಇದ್ರಿ."

ನನಗೆ ಸಿಟ್ಟು ಬರಬೇಕಾಗಿತ್ತು. ಮೂರನೆಯ ಸ್ಥಾನ ಅದು. ಇಷ್ಟು ವರ್ಷ ಅವರನ್ನೇ ಮುಂದೆ ಕೂರಿಸಿಕೊಂಡು ನಾನು ನಗೆಪಾಟಲು ಮಾಡಿದ್ದನ್ನು ಅವರು ಒಮ್ಮೆಯೂ ತಿದ್ದಿರಲಿಲ್ಲ. ಆದರೆ ಸಿಟ್ಟು ಬರಲಿಲ್ಲ. ಬೆಳಿಗ್ಗೆ ನನ್ನ ಕೈ ಮಗಳ ಬೈಕಿನ ಕೆಳಗೆ ಏನು ಹುಡುಕುತ್ತಿತ್ತು ಎಂಬುದು ನನಗೂ ಆಗ ತಿಳಿಯಿತು.

ಮಾವನವರು ಗೋಡೆ ಹಿಡಿದು ಎದ್ದು ಬೈಕಿನ ಹತ್ತಿರ ಹೋದರು. ಎಡಗೈಯನ್ನು ಟ್ಯಾಂಕಿನ ಕೆಳಗೆ ಹಾಕಿ ತಡವಿದರು.

"ಇದಕ್ಕೆ ನಾಬ್ ಎಲ್ಲಿ?"

"ಇಲ್ಲ ಮಾವ. ಈಗಿನ ಬೈಕುಗಳಿಗೆ ಇರಲ್ಲ."

ಅವರು ಕೈ ತೆಗೆಯಲಿಲ್ಲ. ಅಲ್ಲೇ ಇಟ್ಟುಕೊಂಡು ನನ್ನನ್ನು ನೋಡಿ, "ಹಾಗಾದ್ರೆ ನೀವೇನ್ ಮಾಡ್ತೀರಿ?" ಎಂದರು.

ಅಷ್ಟರಲ್ಲಿ ಮಗಳು ಸ್ಪ್ಯಾನರ್ ಹಿಡಿದು ಬಂದಳು. ನಮ್ಮಿಬ್ಬರನ್ನೂ ನೋಡಿ, "ಅಪ್ಪಾ, ಸೀರೆ ಗಾರ್ಡ್ ಬಿಚ್ಬೇಕು, ಬೈಕ್ ಅಲ್ಲಾಡ್ತಿದೆ, ಸ್ವಲ್ಪ ಹಿಡ್ಕೋ," ಎಂದಳು.

ಮಾವನವರು ಟ್ಯಾಂಕಿನ ಕೆಳಗಿದ್ದ ಕೈಯನ್ನು ತೆಗೆದು ಹ್ಯಾಂಡಲ್ ಹಿಡಿದರು. ನಾನು ಹಿಂದೆ ಹೋಗಿ ಸೀಟು ಹಿಡಿದೆ.